ದೀಪಸ್ತಂಭದ ಹಾಡಿನ ಎರಡನೆಯ ಚರಣ

೧೯ ಆಗಸ್ಟ್ ೨೦೦೫, ಮುಳಬಾಗಿಲು

ಇಂದು ಕಾಲೇಜಿನ ಸಂತಾಪ ಸಭೆಯಲ್ಲಿ ಆಡಿದ ಮಾತುಗಳನ್ನು ಆಡಿದ ಕ್ರಮದಲ್ಲಿಯೇ ಬರೆದಿಡುತ್ತೇನೆ.

“ಮಾನ್ಯ ಪ್ರಾಂಶುಪಾಲರೇ, ಅಧ್ಯಾಪಕ ಮಿತ್ರರೇ, ವಿದ್ಯಾರ್ಥಿಗಳೇ, ಪಾಠಗಳನ್ನು ನಿಲ್ಲಿಸಿ ನೀವೆಲ್ಲರೂ ಇಲ್ಲಿ ಸೇರಿದ್ದೀರಿ. ಅದಕ್ಕೆ ನಾನು ಕೃತಜ್ಞ. ನನ್ನ ಮಗಳು ಸೌಪರ್ಣಿಕಾ ಪಿ.ಯು. ಮೊದಲ ವರ್ಷಕ್ಕೆ ಸೇರಿ ಇನ್ನೂ ಹೆಚ್ಚು ಕಾಲವಾಗಿರಲಿಲ್ಲ. ಅಷ್ಟರೊಳಗೆ ಇಷ್ಟು ಜನ ಅವಳನ್ನು ಬಲ್ಲವರಿದ್ದರೆಂಬುದು ನನಗೆ ತಿಳಿದಿರಲಿಲ್ಲ. ಆದರೆ ನಿಮ್ಮ ಅನುಕಂಪವನ್ನು ಸ್ವೀಕರಿಸಲಾರೆ. ಜ್ವರ ಬಂದಿತು, ಏರಿತು, ಇಳಿಯಲಿಲ್ಲ. ಇದರಲ್ಲಿ ಯಾರ ತಪ್ಪೂ ಇಲ್ಲ. ತಪ್ಪಿಲ್ಲದ ಕಡೆ ಸಮಾಧಾನ ಹೇಳುವ ಅಗತ್ಯವೂ ಇಲ್ಲ. ದಯವಿಟ್ಟು ತರಗತಿಗಳಿಗೆ ಹಿಂತಿರುಗಿ.”

ಎಲ್ಲಿಯೂ ತಡವರಿಸಲಿಲ್ಲ. ಪ್ರಾಂಶುಪಾಲ ಚನ್ನರಾಯಪ್ಪ ನನ್ನ ಸಹಪಾಠಿ. ಕೋಲಾರದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಿಗೆ ನಾವಿಬ್ಬರೂ ಒಂದೇ ಜೋಡಿಯಾಗಿ ಹೋಗುತ್ತಿದ್ದೆವು. ಗೇಟಿನವರೆಗೆ ಬಂದು ನನ್ನ ಕೈ ಹಿಡಿದುಕೊಂಡು, “ಲೇ ನಾಣಿ, ಅಳೋದಕ್ಕೂ ಪಾಯಿಂಟ್ಸ್ ಬೇಕೇನೋ ನಿಂಗೆ?” ಎಂದ.

ಕೈ ಬಿಡಿಸಿಕೊಂಡು ಮನೆಗೆ ನಡೆದೆ.

೨೭ ಆಗಸ್ಟ್

ಪಾಠ ಮಾಡಲು ಕೋಲಾರದ ಕಾಲೇಜಿಗೆ ಮತ್ತೆ ಹೋಗಿಬರಲು ಆರಂಭಿಸಿದ್ದೇನೆ. ತರ್ಕಶಾಸ್ತ್ರದ ತರಗತಿಯಲ್ಲಿ ಇಂದಿನ ಪಾಠ, ಎರಡು ಆಧಾರವಾಕ್ಯಗಳಿಂದ ತೀರ್ಮಾನಕ್ಕೆ ಬರುವ ಬಗೆ. ಮನುಷ್ಯರೆಲ್ಲರೂ ಮರಣಶೀಲರು ಎಂದು ಹಲಗೆಯ ಮೇಲೆ ಬರೆದಾಗ ಹಿಂದಿನ ಬೆಂಚಿನ ಪಿಸುಮಾತು ನಿಂತಿತು. ಪ್ರತಿವರ್ಷ ಕೊಡುವ ಉದಾಹರಣೆ ಅದು. ಬದಲಿಸಲಿಲ್ಲ.

೧೧ ಸೆಪ್ಟೆಂಬರ್

ಭಾನುವಾರ. ಈ ವರ್ಷ ನಮ್ಮಲ್ಲಿ ಗಣೇಶನನ್ನು ಕೂರಿಸಲಿಲ್ಲ. ಬೆಳಿಗ್ಗೆ ಒಬ್ಬಳು ಹುಡುಗಿ ಬಂದು ಚಪ್ಪಲಿ ಬಿಡುವ ಜಾಗದಲ್ಲಿಯೇ ನಿಂತುಕೊಂಡಳು.

“ಸಾರ್, ನಾನು ಸುನಂದ. ಆವನಿಯಿಂದ ಬರ್ತೀನಿ. ಕ್ಲಾಸಲ್ಲಿ ಸೌಪರ್ಣಿಕಾ ಪಕ್ಕ ಕೂತ್ಕೊತಿದ್ದೆ.”

“ವಿಷಯ?”

“ನವೆಂಬರ್ ಕೊನೇಲಿ ಕಾಲೇಜ್ ರಾಜ್ಯೋತ್ಸವಕ್ಕೆ ಅವಳ ಹಾಡು ಹೇಳೋಣಾಂತ ಇದ್ದೀವಿ ಸಾರ್. ಪ್ರಿನ್ಸಿಪಾಲ್ ಸಾರು ಫಸ್ಟು ನಿಮ್ಮನ್ನ ಕೇಳ್ಕೊಂಡು ಬಾ ಅಂದ್ರು. ನೀವು ಬ್ಯಾಡ ಅಂದ್ರೆ ತೆಗೆದುಬಿಡ್ತಾರಂತೆ.”

ಅವಳು ಹಾಡು ಬರೆದಿದ್ದಳೆಂಬುದು ನನಗೆ ಹೊಸ ಸುದ್ದಿ. ಯಾವ ಹಾಡೆಂದು ಕೇಳಿದೆ.

“ದೀಪಸ್ತಂಭದ ಹುಡುಗಿ ಕಾರ್ಟೂನ್‌ದು ಸಾರ್. ಜಪಾನ್‌ದು. ಅವರಪ್ಪ ಹಡಗಲ್ಲಿ ಹೋಗಿರ್ತಾನೆ, ಇವಳು ಒಬ್ಬಳೇ ದೀಪ ಹಚ್ಕೊಂಡು ಕಾಯ್ತಿರ್ತಾಳೆ. ನಾವು ಸ್ಕೂಲಲ್ಲಿದ್ದಾಗ ಹಿಂದೀಲಿ ಬರ್ತಿತ್ತು. ಆಮೇಲೆ ತೆಲುಗಲ್ಲಿ ಬಂತು, ತಮಿಳಲ್ಲೂ ಬಂತು. ಕನ್ನಡದಾಗೆ ಬರಲೇ ಇಲ್ಲ. ‘ಎಲ್ರಿಗೂ ಇದೆ, ನಮಗ್ಯಾಕೇ ಇಲ್ಲ’ ಅಂತ ಅವಳೇ ಕನ್ನಡದಲ್ಲಿ ಬರೆದ್ಲು.”

ಕನ್ನಡಕ್ಕೆ ಡಬ್ಬಿಂಗ್ ಸಲ್ಲದೆಂಬ ಕಟ್ಟುಪಾಡು ನಾಡಿನಲ್ಲಿ ಬಹುಕಾಲದಿಂದ ನಡೆದುಬಂದಿದೆ. ಆ ಕಟ್ಟುಪಾಡಿನ ಪರವಾಗಿ ನಾನು ಎರಡು ಸ್ಪರ್ಧೆಗಳಲ್ಲಿ ಮಾತನಾಡಿ ಒಂದರಲ್ಲಿ ಗೆದ್ದಿದ್ದೇನೆ. ಆ ವಾದದಲ್ಲಿ ಇಂದಿಗೂ ಬಿರುಕು ಕಾಣುತ್ತಿಲ್ಲ. ಪರದೇಶದ ಕಾರ್ಟೂನಿನ ಹಾಡನ್ನು ರಾಜ್ಯೋತ್ಸವದ ವೇದಿಕೆಯಲ್ಲಿ ಹಾಡುವುದು ಅಸಂಗತವೆಂದು ಹುಡುಗಿಗೆ ತಿಳಿಸಿದೆ.

“ಹಾಗಂದ್ರೆ ಬ್ಯಾಡ ಅಂತಾನಾ ಸಾರ್?”

“ಯೋಚಿಸಿ ತಿಳಿಸುತ್ತೇನೆ ಎಂದು ನಿಮ್ಮ ಪ್ರಾಂಶುಪಾಲರಿಗೆ ಹೇಳು.”

ಅಸಂಗತವೆಂದ ಮೇಲೆ ಯೋಚಿಸುವುದೇನಿತ್ತು? ಬಾಯಿ ತಪ್ಪಿ ಬಂದ ಮಾತು.

೧೨ ಸೆಪ್ಟೆಂಬರ್

ಭಾವಮೈದುನ ಮಾಧವ ಬಂದಿದ್ದ. ವರ್ಷ ತುಂಬುವವರೆಗೆ ಮನೆಯವರು ಹಾಡು, ವೇದಿಕೆ, ಹಾರ ಇವುಗಳಿಂದ ದೂರವಿರಬೇಕೆಂಬುದು ಅವನ ನಿಲುವು. “ಜನ ಏನಂತಾರೆ ಭಾವ? ಇನ್ನೂ ಮಾಸಿಕಾನೇ ನಡೀತಿದೆ” ಎಂದ. ನನ್ನ ನಿರಾಕರಣೆಗೆ ಇನ್ನೊಂದು ಆಧಾರ ದೊರೆತಂತಾಯಿತು.

ಬಡಿಸುತ್ತಿದ್ದ ಅನಂತಲಕ್ಷ್ಮಿ ಸೌಟನ್ನು ಕೈಯಲ್ಲಿ ಹಿಡಿದೇ ನಿಂತಳು. ಹದಿನೆಂಟು ವರ್ಷಗಳ ದಾಂಪತ್ಯದಲ್ಲಿ ಅವಳು ನನ್ನ ವಾದದ ನಡುವೆ ಬಾಯಿ ಹಾಕಿದ್ದು ಅಪರೂಪ.

“ಬೇಡ ಅಂತೀರಲ್ಲ, ನೀವು ಆ ಹಾಡು ಕೇಳಿದ್ದೀರಾ ಒಂದ್ಸಲಾನಾದ್ರೂ?”

“ಇಲ್ಲ.”

“ಮತ್ತೆ?”

ಮಾಧವ ಮಜ್ಜಿಗೆ ಹಾಕಿಸಿಕೊಂಡ.

೧೭ ಸೆಪ್ಟೆಂಬರ್

ಎದುರು ಪಕ್ಷವನ್ನು ಪೂರ್ಣವಾಗಿ ಕೇಳದೆ ಖಂಡಿಸಬಾರದೆಂದು ವಿದ್ಯಾರ್ಥಿಗಳಿಗೆ ಪ್ರತಿವರ್ಷ ಹೇಳುತ್ತೇನೆ. ಆದ್ದರಿಂದ ಇಂದು ಬಸ್ ನಿಲ್ದಾಣದ ಹಿಂದಿರುವ ಕದಿರೇಶನ ಸೈಬರ್ ಸೆಂಟರಿಗೆ ಹೋದೆ. ಸೌಪರ್ಣಿಕಾ ಮತ್ತು ಸುನಂದ ಹಾಡನ್ನು ಧ್ವನಿಮುದ್ರಿಸಿಕೊಂಡದ್ದು ಅಲ್ಲಿಯೇ ಎಂದು ಚನ್ನರಾಯಪ್ಪ ತಿಳಿಸಿದ್ದ. ಕದಿರೇಶ ಸ್ಟೂಲನ್ನು ಒರೆಸಿ ಕೊಟ್ಟ.

“ಕೂಚೋಂಡಿ ಸಾರ್, ಕೂತ್ಕೊಳ್ಳಿ. ನಿಮ್ಮ ಪಾಪ ಎಷ್ಟು ಭಾಷೇಲಿ ಇಳಿಸಿಟ್ಟವಳೆ ನೋಡಿ! ಇಟಲಿದು ಒಂದು ಹಾಡು ಇಳಿಯೋಕ್ಕೆ ಇಡೀ ಮಧ್ಯಾಹ್ನ ಬೇಕಾಯ್ತು. ಕರೆಂಟ್ ಹೋದ್ರೆ ಮತ್ತೆ ಮೊದಲಿಂದ. ಸುಮ್ಕೆ ಕೂತಿರೋರು ಇಬ್ಬರೂ, ಕಡ್ಲೆಕಾಯಿ ತಿನ್ಕೊಂಡು.”

ಕಿವಿಗೆ ಹೆಡ್‌ಫೋನ್ ಇಟ್ಟು ಒಂದೊಂದಾಗಿ ಕೇಳಿಸಿದ. ಸ್ವರ ಒಂದೇ. ಹೇಳುವುದು ಮಾತ್ರ ಬೇರೆ ಬೇರೆ. ಹಿಂದಿಯಲ್ಲಿ ಹುಡುಗಿ ಅಪ್ಪನನ್ನು ಕರೆಯುವುದೇ ಇಲ್ಲ. ಧೈರ್ಯವಾಗಿರಿ, ಮುನ್ನಡೆಯಿರಿ ಎಂದು ಮಕ್ಕಳಿಗೆಲ್ಲ ಹುರುಪು ತುಂಬುತ್ತಾಳೆ. ತೆಲುಗಿನಲ್ಲಿ ‘ನಾನ್ನಾ’ ಎಂದು ಕರೆಯುತ್ತಾಳೆ, ಆದರೆ ಅಳುಮೋರೆಯ ಧ್ವನಿ. ತಮಿಳಿನಲ್ಲಿ ಸಮುದ್ರವನ್ನೇ ಬೈಯುತ್ತಾಳೆ. ಅರಬ್ಬಿಯದು ಅರ್ಥವಾಗಲಿಲ್ಲ, ಆದರೆ ಹಾಡಿದವಳು ಉಳಿದೆಲ್ಲರಿಗಿಂತ ಗಂಭೀರೆ. ಒಂದು ವಿಷಯವನ್ನು ಹತ್ತು ಸ್ಪರ್ಧಿಗಳಿಗೆ ಕೊಟ್ಟರೆ ಹೇಗೋ ಹಾಗೆ.

ಕೊನೆಗೆ ಸೌಪರ್ಣಿಕಾಳದ್ದು.

ಅಣ್ಣಾ, ಎಲ್ಲಿದ್ದೀಯ ಅಣ್ಣಾ,
ದೀಪ ಹಚ್ಚಿದೀನಿ, ಕಾಣ್ತಾ?
ಅಲೆ ಎಣಿಸಿ ಸಾಕಾಯ್ತು,
ಊಟ ಆರಿ ಹೋಗ್ತಿದೆ, ಬಾ.

ನಮ್ಮ ಮನೆಗಳಲ್ಲಿ ತಂದೆಯನ್ನು ಅಣ್ಣ ಎಂದು ಕರೆಯುವುದು ರೂಢಿ. ಅವಳೂ ಹಾಗೆಯೇ ಕರೆಯುತ್ತಿದ್ದಳು, ಆದರೆ ಬಹುವಚನದಲ್ಲಿ. ಹಾಡಿನಲ್ಲಿ ಏಕವಚನ ಬಳಸಿದ್ದಾಳೆ. ಭಾಷೆ ಗ್ರಾಂಥಿಕವಲ್ಲ. ಪ್ರಾಸವಿಲ್ಲ. ಊಟ ಆರುವ ಸಂಗತಿ ಬೇರೆ ಯಾವ ಭಾಷೆಯ ಹಾಡಿನಲ್ಲಿಯೂ ಇರುವಂತೆ ತೋರಲಿಲ್ಲ. ಕೋಲಾರದ ಬಸ್ಸು ತಡವಾದ ದಿನಗಳಲ್ಲಿ ನಮ್ಮ ಮನೆಯಲ್ಲಿ ಆಡುತ್ತಿದ್ದ ಮಾತು ಅದು.

ಚರಣ ಮುಗಿದ ಮೇಲೂ ಸಂಗೀತ ಮುಂದುವರಿಯಿತು, ಹಾಡಿಲ್ಲದೆ. ಆಮೇಲೆ ಮೈಕಿನ ಸಮೀಪ ಅವಳ ಮಾತು:

“ಇಲ್ಲಿ ಖಾಲಿ ಬಿಡಿ ಕದಿರೇಶಣ್ಣ. ಇದು ಗಂಡಸರು ಹಾಡೋದು. ನಮ್ಮಣ್ಣನ್ನ ಕೇಳ್ಲಾ?”

ಸುನಂದಳ ಧ್ವನಿ: “ನಿಮ್ಮಣ್ಣನಾ! ನೀನು ಬಾಯಿ ಬಿಡೋಕೆ ಮುಂಚೇನೇ ಗಂಟೆ ಹೊಡೀತಾರೆ ಕಣೇ!”

ಇಬ್ಬರೂ ನಕ್ಕರು. ಬಹಳ ಹೊತ್ತು ನಕ್ಕರು. ಅಲ್ಲಿಗೆ ಮುದ್ರಣ ಮುಗಿಯುತ್ತದೆ.

ಚರ್ಚಾಸ್ಪರ್ಧೆಗಳಲ್ಲಿ ಅವಧಿ ಮುಗಿಯಲು ಒಂದು ನಿಮಿಷವಿರುವಾಗ ಎಚ್ಚರಿಕೆಯ ಗಂಟೆ ಬಾರಿಸುವ ಕ್ರಮವಿದೆ. ಜಿಲ್ಲೆಯ ಸ್ಪರ್ಧೆಗಳಿಗೆ ನಾನು ಅನೇಕ ವರ್ಷಗಳಿಂದ ತೀರ್ಪುಗಾರ. ಗಂಟೆ ನನ್ನ ಬಳಿಯೇ ಇರುತ್ತದೆ. ಹುಡುಗಿಯರ ಹಾಸ್ಯಕ್ಕೆ ಹಿನ್ನೆಲೆ ಇಷ್ಟೇ.

ಕದಿರೇಶ ಒಂದು ಸಿ.ಡಿ. ಮಾಡಿಕೊಟ್ಟ. ಬೀರುವಿನಲ್ಲಿ ನನ್ನ ಚರ್ಚೆಯ ಫಲಕಗಳ ಹಿಂದೆ ಇಟ್ಟಿದ್ದೇನೆ.

೨೩ ಸೆಪ್ಟೆಂಬರ್

ಬರೆಯುವಂಥದ್ದು ಏನೂ ಇಲ್ಲ. ಬಸ್ಸಿನಲ್ಲಿ ಪಕ್ಕದ ಸೀಟಿನವರು, “ಯಾವ ಪಿಕ್ಚರ್‌ದು ಸಾರ್ ಆ ಹಾಡು?” ಎಂದು ಕೇಳಿದರು. ನಾನು ಹಾಡುತ್ತಿರಲಿಲ್ಲ.

೮ ಅಕ್ಟೋಬರ್, ಮಾಲೂರಿಗೆ ಹೋಗಿ ಬಂದು

ಒಂದು ಪ್ರಶ್ನೆಗೆ ಉತ್ತರ ಬೇಕಾಗಿತ್ತು. ಎರಡನೆಯ ಚರಣ ಗಂಡಸಿನದೆಂದು ಸೌಪರ್ಣಿಕಾಳಿಗೆ ಹೇಗೆ ತಿಳಿಯಿತು? ಆ ಚರಣವಿರುವುದು ಎರಡು ಹಾಡುಗಳಲ್ಲಿ ಮಾತ್ರ, ಇಟಲಿಯದರಲ್ಲಿ ಮತ್ತು ಮೂಲ ಜಪಾನಿಯದರಲ್ಲಿ. ಎರಡರಲ್ಲಿಯೂ ಗಂಡುಧ್ವನಿಯೇ. ಆದರೆ ಅವನು ಹೇಳುವುದೇನು?

ಆದಿಲಕ್ಷ್ಮಿ ನನ್ನ ಹಳೆಯ ವಿದ್ಯಾರ್ಥಿನಿ. ಬೆಂಗಳೂರಿನಲ್ಲಿ ಜಪಾನಿ ಭಾಷೆ ಕಲಿತು, ಮಾಲೂರಿನ ಒಂದು ಕಾರ್ಖಾನೆಗೆ ಯಂತ್ರ ಜೋಡಿಸಲು ಬಂದಿರುವ ಜಪಾನಿನವರಿಗೆ ದುಭಾಷಿಯಾಗಿದ್ದಾಳೆ. ಸಂಜೆಯ ರೈಲಿಗೆ ಮುಂಚೆ ಸ್ಟೇಷನ್ನಿನ ಬೆಂಚಿನ ಮೇಲೆ ಕುಳಿತು, ಕದಿರೇಶನಿಂದ ಎರವಲು ತಂದ ಪುಟ್ಟ ಸಿ.ಡಿ. ಪ್ಲೇಯರಿನಲ್ಲಿ ಮೂಲ ಹಾಡನ್ನೂ ಸೌಪರ್ಣಿಕಾಳದ್ದನ್ನೂ ಅವಳಿಗೆ ಕೇಳಿಸಿದೆ. ಇಟ್ಟಿಗೆ ಗೂಡುಗಳ ಹೊಗೆ ಹಳಿಯ ಆಚೆ ತೆಳ್ಳಗೆ ನಿಂತಿತ್ತು.

“ಸಾರ್, ನೀವು ಕಾರ್ಟೂನ್ ಹಾಡು ಹಿಡ್ಕೊಂಡು ಬರ್ತೀರ ಅಂದ್ರೆ ನಮ್ಮ ಬ್ಯಾಚಿನೋರು ಯಾರೂ ನಂಬಲ್ಲ” ಎಂದಳು. ಆಮೇಲೆ, ಕಾರಣ ನೆನಪಾಗಿರಬೇಕು, ತಲೆ ತಗ್ಗಿಸಿದಳು. ಮುಂದುವರಿಸು ಎಂದೆ.

ಟಿ.ವಿ.ಯಲ್ಲಿ ಆರಂಭಕ್ಕೆ ಒಂದೇ ಚರಣ ಸಾಕಂತೆ. ಜಪಾನಿನಲ್ಲಿಯೂ ಅಷ್ಟನ್ನೇ ತೋರಿಸುತ್ತಾರೆ. ಪೂರ್ತಿ ಹಾಡು ಬೇರೆಯಾಗಿ ಮಾರಾಟವಾಗುತ್ತದೆ. ಆದ್ದರಿಂದ ಬೇರೆ ದೇಶಗಳವರು ಸಾಮಾನ್ಯವಾಗಿ ಆ ಒಂದು ಚರಣವನ್ನೇ ತಮ್ಮ ಭಾಷೆಗೆ ತಂದು ಸುಮ್ಮನಾಗುತ್ತಾರೆ.

“ಅಂದ್ರೆ ಸಾರ್, ನಮ್ಮ ಕಡೆ ಮಕ್ಕಳೆಲ್ಲ ಅವಳು ಕರೆಯೋದನ್ನಷ್ಟೇ ಕೇಳಿದ್ದಾರೆ. ಅಪ್ಪ ಏನಂದ ಅಂತ ಯಾರಿಗೂ ಗೊತ್ತಿಲ್ಲ. ಎರಡನೇದು ಅಪ್ಪಂದು. ಹಡಗಿಂದ ಹೇಳ್ತಾನೆ. ‘ಮಗಳೇ, ನಿನ್ನ ದೀಪ ಕಾಣ್ತಾ ಇದೆ. ಎದುರು ಗಾಳಿ, ತಡ ಆಗುತ್ತೆ. ಆದ್ರೂ ಬರ್ತೀನಿ. ದೀಪ ಆರಿಸ್ಬೇಡ.’ ಅಷ್ಟೇ ಸಾರ್. ತುಂಬಾ ಸರಳ.”

ರೈಲು ಬಂದಿತು. ಅವಳು ಹತ್ತುವ ಮೊದಲು, “ಚೆನ್ನಾಗಿದೆ ಸಾರ್ ಅವಳದ್ದು. ಊಟದ ಲೈನು ಒರಿಜಿನಲ್‌ನಲ್ಲಿ ಇದ್ದಿದ್ರೆ ಚೆನ್ನಾಗಿರೋದು” ಎಂದಳು.

ಚನ್ನರಾಯಪ್ಪನಿಗೆ ಸ್ಟೇಷನ್ನಿನ ಬೂತಿನಿಂದಲೇ ಫೋನ್ ಮಾಡಿ ಒಪ್ಪಿಗೆ ತಿಳಿಸಿದೆ. ಒಂದು ಷರತ್ತು: ಅರ್ಧ ಹಾಡನ್ನು ವೇದಿಕೆಗೆ ತರಕೂಡದು. ಎರಡನೆಯ ಚರಣವೂ ಇರಬೇಕು, ಅದನ್ನು ನಾನು ಒದಗಿಸುತ್ತೇನೆ. ಅಪೂರ್ಣ ಮಂಡನೆಗೆ ಅಂಕವಿಲ್ಲವೆಂಬ ತತ್ವದ ಮೇಲೆ ಹೇಳಿದ್ದು.

“ಯಾರೋ ಹಾಡೋದು ಅದನ್ನ?” ಎಂದ.

ಗಂಡುಧ್ವನಿಯ ವಿದ್ಯಾರ್ಥಿಯೊಬ್ಬನನ್ನು ಹುಡುಕು ಎಂದೆ.

೧೬ ಅಕ್ಟೋಬರ್

ಚರಣ ಸಿದ್ಧವಾಯಿತು.

ವತ್ಸೇ, ವಾರಿಧಿಯ ಮಧ್ಯದಿಂದ ನಿನ್ನ ಜ್ಯೋತಿಯ ಕಂಡೆನು,
ಪ್ರತಿಕೂಲ ಮಾರುತವ ಗೆಲಿದು ಗೃಹಕೆ ಮರಳುವೆನು.

ವ್ಯಾಕರಣಶುದ್ಧವಾಗಿದೆ. ಸುನಂದಳನ್ನು ಕರೆಸಿದೆ. ಹಾಡಲು ಆರಂಭಿಸಿದಳು. ‘ಪ್ರತಿಕೂಲ’ ಮುಗಿಯುವ ಮೊದಲೇ ಸ್ವರ ಮುಗಿದುಹೋಯಿತು. ಇನ್ನೊಮ್ಮೆ ಪ್ರಯತ್ನಿಸಿ ತುಟಿ ಕಚ್ಚಿಕೊಂಡಳು.

“ನಗಬೇಕಾಗಿದ್ದರೆ ನಗು.”

“ಇಲ್ಲ ಸಾರ್… ಬೆಳಿಗ್ಗೆ ಪ್ರಾರ್ಥನೆ ಥರ ಐತೆ. ಕೈಮುಗ್ದುಬಿಡ್ತಾರೆ ಎಲ್ರೂ.”

ಅನಂತಲಕ್ಷ್ಮಿ ಒಳಗಿನಿಂದ, “ಮಗು ಅಷ್ಟು ದೂರದಿಂದ ಬಂದಿದೆ, ಚಿತ್ರಾನ್ನ ತಿನ್ನಲಿ ಮೊದಲು” ಎಂದಳು. ನಾನು ಬರೆದ ಮಾತುಗಳು ಸಮುದ್ರದ ಮೇಲಿರುವವನ ಮಾತುಗಳಲ್ಲವೆಂಬುದು ಹುಡುಗಿಯ ಆಕ್ಷೇಪದ ಸಾರ. ಆಕ್ಷೇಪ ಊರ್ಜಿತ.

೩೦ ಅಕ್ಟೋಬರ್

ಎರಡು ವಾರಗಳಿಂದ ಒಂದೇ ಕಡೆ ನಿಂತಿದ್ದೇನೆ. ಭಾಷೆ ಸರಳವಾಗಿಸುವುದು ಕಷ್ಟವಲ್ಲ. ಕಷ್ಟವಿರುವುದು ಅರ್ಥದಲ್ಲಿ. ತಡವಾದರೂ ಬರುತ್ತೇನೆ ಎನ್ನುತ್ತಾನೆ ಆ ನಾವಿಕ. ನಾನು ಎಲ್ಲಿಗೂ ಹೋದವನಲ್ಲ. ಹೋದವಳು ಅವಳು. ಸಮರ್ಥಿಸಿಕೊಳ್ಳಲಾಗದ ವಾಕ್ಯವನ್ನು ಇನ್ನೊಬ್ಬರ ಬಾಯಿಗೆ ಕೊಡುವ ಅಭ್ಯಾಸ ನನಗಿಲ್ಲ.

ಹಿಂದಿಯವರು ಬದಲಿಸಿದ್ದಾರೆ, ತಮಿಳಿನವರು ಬದಲಿಸಿದ್ದಾರೆ, ಅವಳೂ ಊಟವನ್ನು ಸೇರಿಸಿದ್ದಾಳೆ. ಆದ್ದರಿಂದ ಬದಲಿಸುವ ಅಧಿಕಾರವಿದೆಯೇ ಇಲ್ಲವೇ ಎಂಬುದು ಪ್ರಶ್ನೆಯಲ್ಲ. ಬದಲಿಸಿ ಏನು ಹೇಳುವುದು ಎಂಬುದು ಪ್ರಶ್ನೆ.

ದೀಪಾವಳಿ ಈ ವಾರ. ನಮಗಿಲ್ಲ.

೬ ನವೆಂಬರ್

ಸಂಜೆ ಆ ಧಾರಾವಾಹಿ ಹಿಂದಿಯಲ್ಲಿ ಮರುಪ್ರಸಾರವಾಗುತ್ತಿದೆಯೆಂದು ಕದಿರೇಶ ಹೇಳಿದ್ದ. ಅಧ್ಯಯನದ ದೃಷ್ಟಿಯಿಂದ ಟಿ.ವಿ. ಹಾಕಿದೆ. ಅನಂತಲಕ್ಷ್ಮಿ ಬಂದು ಚಾಪೆಯ ಮೇಲೆ ಕುಳಿತಳು. ಅವಳಿಗೆ ಕಥೆಯೆಲ್ಲ ಗೊತ್ತಿದೆ. “ಈಗ ನೋಡಿ, ಆ ಬೆಕ್ಕು ಎಣ್ಣೆ ಚೆಲ್ಲುತ್ತೆ” ಎಂದಳು. ಬೆಕ್ಕು ಎಣ್ಣೆ ಚೆಲ್ಲಿತು.

“ದಿನಾ ನೋಡ್ತಿದ್ವಿ ನಾವಿಬ್ಬರೂ. ನಿಮ್ಮ ಬಸ್ ಬರೋ ಹೊತ್ತಿಗೆ ಆರಿಸಿಬಿಡ್ತಿದ್ವಿ.”

ದೀಪಸ್ತಂಭವನ್ನು ನಾನು ಮೊದಲ ಸಲ ಸರಿಯಾಗಿ ನೋಡಿದೆ. ದೀಪದ ಬಳಿ ಯಾವಾಗಲೂ ಒಬ್ಬರು ಇರಬೇಕು. ಇಬ್ಬರ ಅಗತ್ಯವಿಲ್ಲ.

೭ ನವೆಂಬರ್

ಹಾಡಿನ ಮೊದಲ ಸ್ಥಾನದಲ್ಲಿ ಎರಡು ಅಕ್ಷರಗಳಿಗಷ್ಟೇ ಎಡೆಯಿದೆ. ಅಲ್ಲಿ ಅವಳು ‘ಅಣ್ಣಾ’ ಎಂದಿದ್ದಾಳೆ. ‘ವತ್ಸೇ’ ಅಕ್ಷರಸಂಖ್ಯೆಗೆ ಹೊಂದುತ್ತದೆ, ಮಿಕ್ಕ ಯಾವುದಕ್ಕೂ ಹೊಂದುವುದಿಲ್ಲ. ‘ಸೌಪರ್ಣಿಕಾ’ ಹಿಡಿಸುವುದಿಲ್ಲ. ಅವಳ ತಾಯಿ ಅವಳನ್ನು ಪರ್ಣಿ ಎನ್ನುತ್ತಿದ್ದಳು. ನಾಮಕರಣದಲ್ಲಿ ಇಟ್ಟ ಹೆಸರನ್ನು ಮೊಟಕು ಮಾಡಬಾರದೆಂದು ನಾನು ಎಂದೂ ಹಾಗೆ ಕರೆದವನಲ್ಲ.

ಪರ್ಣೀ, ಹೋಗಿ ಬಾರೇ ಪರ್ಣೀ,
ದೀಪ ನಾ ನೋಡ್ಕೋತೀನಿ.
ಅಲೆ ನಾ ಎಣಿಸ್ತಿರ್ತೀನಿ,
ಊಟ ಮುಚ್ಚಿ ಇಟ್ಟಿರ್ತೀನಿ.

ಮರಳಿ ಬರುವಳೆಂದು ಇದು ಪ್ರತಿಪಾದಿಸುತ್ತಿಲ್ಲ. ಹೊರಟವರಿಗೆ ‘ಹೋಗು’ ಎಂದಷ್ಟೇ ಹೇಳಲು ನಮ್ಮಲ್ಲಿ ಯಾರಿಗೂ ಬಾಯಿ ಬರುವುದಿಲ್ಲ, ಹೋಗಿ ಬಾ ಎನ್ನುತ್ತೇವೆ. ಅಷ್ಟು ಮಾತ್ರ.

ಹೊಂದುತ್ತದೆಯೇ ಎಂದು ಸ್ನಾನದ ಮನೆಯಲ್ಲಿ ಪರೀಕ್ಷಿಸಿದೆ. ಹೊಂದುತ್ತದೆ.

೧೯ ನವೆಂಬರ್

ಚನ್ನರಾಯಪ್ಪ ಹುಡುಕಿಸಿದ ಗಂಡುಧ್ವನಿಯ ವಿದ್ಯಾರ್ಥಿಗಳು ಇಬ್ಬರು. ಒಬ್ಬನಿಗೆ ಶ್ರುತಿಯಿಲ್ಲ. ಇನ್ನೊಬ್ಬ ಚೆನ್ನಾಗಿ ಹಾಡಿದ. ದೋಷ ಹೇಳಲು ಏನೂ ಇರಲಿಲ್ಲ. ಆದರೂ ಅವನು ‘ಪರ್ಣೀ’ ಎಂದಾಗ ಸಾಕು ಎಂದುಬಿಟ್ಟೆ. ಕಾರಣ ಕೇಳಿದ್ದರೆ ಕೊಡುವುದು ಕಷ್ಟವಾಗುತ್ತಿತ್ತು. ಚನ್ನರಾಯಪ್ಪ ಕೇಳಲಿಲ್ಲ.

“ಹಾಗಾದ್ರೆ ಯಾರೋ? ಶನಿವಾರಕ್ಕೆ ಪ್ರೋಗ್ರಾಂ ಇದೆ ಕಣೋ.”

ಆ ದಿನವೇ ತಿಳಿಸುತ್ತೇನೆ ಎಂದೆ.

೨೨ ನವೆಂಬರ್

ಬೆಳಿಗ್ಗೆ ಸ್ನಾನದ ಮನೆಯಲ್ಲಿದ್ದಾಗ ಅನಂತಲಕ್ಷ್ಮಿ ಅಡುಗೆಮನೆಯಿಂದ, “ಇನ್ನೂ ಸ್ವಲ್ಪ ಮೇಲೆ ಹಿಡೀರಿ” ಎಂದು ಕೂಗಿದಳು. ಹಾಲು ತಂದವಳ ಪಾತ್ರೆಯ ವಿಷಯವಿರಬೇಕು.

ನನ್ನ ನಿರ್ಧಾರ ಅವಳಿಗೆ ತಿಳಿದಿಲ್ಲ. ತಿಳಿಸುವ ಅಗತ್ಯವೂ ಕಾಣುತ್ತಿಲ್ಲ. ಮಾಧವ ಮತ್ತೆ ಬಂದು ವರ್ಷದೊಳಗೆ ಎಂದು ಆರಂಭಿಸಿದ. ಅವಳು, “ಕಾಫಿ ಕುಡಿದು ಹೊರಡು” ಎಂದು ಅವನನ್ನು ಸಾಗಹಾಕಿದಳು.

೨೬ ನವೆಂಬರ್, ಬೆಳಿಗ್ಗೆ

ಕಾರ್ಯಕ್ರಮ ಹತ್ತೂವರೆಗೆ. ಅನಂತಲಕ್ಷ್ಮಿ ನನ್ನ ಬಿಳಿಯ ಅಂಗಿಗೆ ಇಸ್ತ್ರಿ ಹಾಕಿ ಇಟ್ಟಿದ್ದಾಳೆ. ಕೇಳದೆಯೇ ಮೆಣಸಿನ ಕಷಾಯ ಮಾಡಿ ಮೇಜಿನ ಮೇಲಿಟ್ಟು, ಗಂಟಲಿಗೆ ಒಳ್ಳೆಯದು ಎಂದಳು. ಗಂಟಲಿಗೆ ಏನೂ ಆಗಿಲ್ಲ. ಕುಡಿದೆ. ಸಿ.ಡಿ.ಯನ್ನು ಫಲಕಗಳ ಹಿಂದಿನಿಂದ ತೆಗೆಯಲು ಹೋದಾಗ ಅದು ಫಲಕಗಳ ಮುಂದೆ ಇತ್ತು, ಧೂಳು ಒರೆಸಿ.

ಅಲ್ಲಿ ಹೇಳಬೇಕಾದದ್ದನ್ನು ಬರೆದುಕೊಳ್ಳುತ್ತೇನೆ.

“ಮಾನ್ಯ ಪ್ರಾಂಶುಪಾಲರೇ, ಅಧ್ಯಾಪಕ ಮಿತ್ರರೇ, ವಿದ್ಯಾರ್ಥಿಗಳೇ, ನೀವೆಲ್ಲರೂ ಇಲ್ಲಿ ಸೇರಿದ್ದೀರಿ. ಅದಕ್ಕೆ ನಾನು ಕೃತಜ್ಞ. ಆಗಸ್ಟ್‌ನಲ್ಲಿ ನಿಮ್ಮ ಅನುಕಂಪವನ್ನು ಬೇಡವೆಂದೆ, ಇಂದಿಗೂ ಅದು ಬೇಡ. ನಿಮ್ಮಿಂದ ಬೇಕಾಗಿರುವುದು ಸ್ವಲ್ಪ ಹೊತ್ತು ಮಾತ್ರ. ಇದು ಜಪಾನಿನ ಹಾಡು. ಹಿಂದಿಗೆ, ತೆಲುಗಿಗೆ, ತಮಿಳಿಗೆ ಹೋದಂತೆ ಕನ್ನಡಕ್ಕೂ ಬಂದಿದೆ. ತಂದವಳು ಸೌಪರ್ಣಿಕಾ. ಅವಳನ್ನು ಮನೆಯಲ್ಲಿ ಪರ್ಣಿ ಎಂದು ಕರೆಯುತ್ತೇವೆ. ಮೊದಲನೆಯ ಚರಣವನ್ನು ಅವಳ ಮುದ್ರಿತ ಧ್ವನಿಯ ಜೊತೆಗೆ ಅವಳ ಗೆಳತಿಯರು ಹಾಡುತ್ತಾರೆ. ಎರಡನೆಯ ಚರಣದ ಜಾಗವನ್ನು ಅವಳು ಖಾಲಿ ಬಿಟ್ಟಿದ್ದಾಳೆ. ಅದನ್ನು ಯಾರು ಹಾಡಬೇಕೆಂಬುದನ್ನು ನಾನು ಯಾರೊಂದಿಗೂ ಚರ್ಚಿಸದೆ, ಒಬ್ಬನೇ ನಿರ್ಧರಿಸಿದ್ದೇನೆ. ಅಧ್ಯಕ್ಷರ ಮೇಜಿನ ಮೇಲಿರುವ ಗಂಟೆಯನ್ನು ದಯವಿಟ್ಟು ಕೆಳಗಿಡಿ. ಹಾಡುವವನು ನಾನು.”